ಒಪ್ಪತ್ತಿನ ಹೊಟ್ಟೆ, ಎರಡನೆಯ ಆಪರೇಷನ್

೯ ಡಿಸೆಂಬರ್ ೨೦೦೭, ಭಾನುವಾರ

ಇಂದು ತುಂಗಭದ್ರೆ ಸಾಕ್ಷಿಯಾಗಿ ನನಗೆ ಅವಮಾನವಾಯಿತು. ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಲ್ಲ, ಆದ್ದರಿಂದ ಇಲ್ಲಿ ಬರೆದಿಡುತ್ತೇನೆ.

ಹೊಳೆಯ ನಡುಗಡ್ಡೆಯಲ್ಲಿರುವ ನವವೃಂದಾವನದ ದರ್ಶನಕ್ಕೆ ಹೋಗಿದ್ದೆವು, ನಾನು ಮತ್ತು ರಾಧಾಬಾಯಿ. ಹೊಳೆಯ ದಂಡೆಯಲ್ಲಿ ಕೂಸು-ಕುನ್ನಿ ಕಟ್ಟಿಕೊಂಡು ಬಹಳ ಮಂದಿ ಕಾಯುತ್ತಿದ್ದರು. ಹರಿಗೋಲಿನ ಮೂಕಣ್ಣ ಅವರನ್ನೆಲ್ಲ ಕೈಯಡ್ಡ ಮಾಡಿ ತಡೆದು, "ರಾಯ್ರು, ಅಮ್ಮಾರು ಇಬ್ರೇ ಬರ್ರಿ. ಉಳಿದವ್ರು ಮುಂದಿನ ಟ್ರಿಪ್ಪಿಗೆ" ಎಂದ. ನಮ್ಮ ಮನೆತನಕ್ಕೆ ಆನೆಗುಂದಿಯ ಕಾಲದಿಂದ ಇರುವ ಮರ್ಯಾದೆ ಇನ್ನೂ ಉಳಿದಿದೆಯಲ್ಲ ಎಂದು ಸಂತೋಷಪಟ್ಟು ಗಂಭೀರವಾಗಿ ಹತ್ತಿ ಕುಳಿತೆ. ನಡುಹೊಳೆಯಲ್ಲಿ ಮೂಕಣ್ಣ ಏದುಸಿರು ಬಿಡುತ್ತ, "ನಡುಕ್ಕ ಕುಂದ್ರಿ ರಾಯ್ರ, ಅಲಗಾಡಬ್ಯಾಡ್ರಿ. ಮೊನ್ನೆ ಎರಡು ಮೋಟರ್ ಸೈಕಲ್ ಹಾಕ್ಕೊಂಡು ಬಂದಿದ್ದೆ, ಇಷ್ಟು ತ್ರಾಸ ಆಗಿದ್ದಿಲ್ಲ" ಅಂದ.

ರಾಧಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಾಳಿಗಿರಬೇಕು.

ಎರಡೂವರೆ ವರ್ಷದ ಹಿಂದೆ ಬೆಂಗಳೂರಿನ ಆಸ್ಪತ್ರೆಯಲ್ಲಿ ನನ್ನ ಹೊಟ್ಟೆಯ ಮೇಲ್ಭಾಗಕ್ಕೆ ಸಿಲಿಕಾನಿನ ಪಟ್ಟಿಯೊಂದನ್ನು ಬಿಗಿದರು. ಬ್ಯಾಂಡ್ ಎನ್ನುತ್ತಾರೆ. ಅದರ ಮೇಲೆ ಒಂದು ಹಿಡಿ ಅನ್ನಕ್ಕಷ್ಟೇ ಜಾಗ. ಅದಿರಿನ ಕೆಂಪು ಧೂಳು ದುಡ್ಡಾದ ಮೇಲೆ ಊರಿನಲ್ಲಿ ಒಬ್ಬ ವಿದೇಶಿ ಕಾರು ತರಿಸಿದ, ಇನ್ನೊಬ್ಬ ತಾರಸಿಯ ಮೇಲೆ ಈಜುಕೊಳ ಕಟ್ಟಿಸಿದ. ನಾನು ಬ್ಯಾಂಡ್ ಹಾಕಿಸಿಕೊಂಡೆ. ಹೊಸಪೇಟೆಗೆ ಮೊದಲಿಗ. ನೂರ ನಲವತ್ತು ಕೇಜಿಯಿಂದ ತೊಂಬತ್ತೆಂಟಕ್ಕಿಳಿದಾಗ ಮದುವೆಮನೆಗಳಲ್ಲಿ ಜನ ವಧೂವರರನ್ನು ಬಿಟ್ಟು ನನ್ನನ್ನು ನೋಡುತ್ತಿದ್ದರು. ಆಮೇಲೆ, ಮುನಿಸಿಕೊಂಡು ಹೋದ ಅಳಿಯ ಹೇಳದೆ ಕೇಳದೆ ವಾಪಸು ಬಂದು ಪಡಸಾಲೆಯಲ್ಲಿ ಕುಳಿತ ಹಾಗೆ, ಹೋದ ತೂಕ ಮೆಲ್ಲಗೆ ಬಂದು ಕೂತಿತು.

ಬ್ಯಾಂಡ್ ಕೈಕೊಟ್ಟಿರಬಹುದು, ಅದನ್ನು ತೆಗೆದು ಹೊಟ್ಟೆ ಕತ್ತರಿಸಿ ಕರುಳಿಗೆ ಬೈಪಾಸ್ ಮಾಡುವ ಎರಡನೆಯ ಆಪರೇಷನ್ ಬೇಕಾಗಬಹುದು, ಬಂದು ತೋರಿಸಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದಾರೆ. ಮಾಡಿಸಿಕೊಳ್ಳಬೇಕೋ ಬೇಡವೋ ನಿರ್ಧರಿಸಬೇಕು.

ಇವತ್ತಿನ ಊಟ: ಒಂದು ಹಿಡಿ ಅನ್ನ, ಎರಡು ಚಮಚ ತೊವ್ವೆ. ಒಪ್ಪತ್ತು ಇಷ್ಟೇ ಉಂಡು ದಪ್ಪಗಾಗುವುದು ವೈದ್ಯಶಾಸ್ತ್ರದ ವಿಸ್ಮಯ. ಬರುವಾಗ ಕಮಲಾಪುರದಲ್ಲಿ ಕಬ್ಬಿನ ಹಾಲು, ಎರಡು ಲೋಟ. ಮನೆಗೆ ಬಂದು ಬಾಳೆಹಣ್ಣಿನ ಸೀಕರಣೆ. ಬೇರೇನೂ ಇಲ್ಲ.

೧೨ ಡಿಸೆಂಬರ್

ಕಾಟಾಕ್ಕೆ ಹೋಗಿದ್ದೆ. ಪಾಪಿನಾಯಕನಹಳ್ಳಿಯ ಹತ್ತಿರ ಇರುವ ನನ್ನ ವೇ ಬ್ರಿಡ್ಜಿಗೆ ಊರವರ ಬಾಯಲ್ಲಿ ಅದೇ ಹೆಸರು. ಅದಿರಿನ ಲಾರಿಗಳು ಹತ್ತಿ ತೂಕ ತೋರಿಸಿ ಇಳಿದು ಹೋಗುತ್ತವೆ. ಅದಿರು ನನ್ನದಲ್ಲ, ಲಾರಿ ನನ್ನದಲ್ಲ, ಸತ್ಯ ಮಾತ್ರ ನನ್ನದು.

ಕಂಪ್ಲಿಯ ಉಜ್ಜಿನಪ್ಪ ಬಂದಿದ್ದ. ಹಿಂದೆ ರೈಸ್ ಮಿಲ್ಲು ನಡೆಸುತ್ತಿದ್ದವನು ಈಗ ಲಾರಿ ಇಟ್ಟಿದ್ದಾನೆ. ಅವನ ಲಾರಿ ಹತ್ತು ಟನ್ನಿನ ಪರ್ಮಿಟ್ಟಿಗೆ ಹದಿನಾರು ತೋರಿಸಿತು. ಇದೇನಪ್ಪ ಎಂದು ಕೇಳಿದೆ.

"ಅದಿರು ಹತ್ತೇ ಟನ್ನು ರಾಯ್ರ," ಎಂದ ಕಣ್ಣು ಪಿಳುಕಿಸದೆ. "ಮ್ಯಾಲಿಂದು ಧೂಳು. ಧೂಳಿಗ್ಯಾವ ಪರ್ಮಿಟ್ಟು?"

ಮನುಷ್ಯ ತನಗೆ ತಾನೇ ಹೀಗೂ ಸುಳ್ಳು ಹೇಳಿಕೊಳ್ಳಬಲ್ಲನೇ ಎಂದು ನನಗೆ ನಿಜವಾಗಿ ಖೇದವಾಯಿತು. ಆ ಖೇದದಲ್ಲಿ ನಾಲ್ಕು ಪೇಡೆ ಹೋದವು. ಪೇಡೆಗೆ ಬ್ಯಾಂಡಿನ ತಡೆಯಿಲ್ಲ, ಬಾಯಲ್ಲೇ ಕರಗುತ್ತದೆ. ಚಪಾತಿ ಹಾಗಲ್ಲ, ಸಿಕ್ಕಿಕೊಂಡು ಪ್ರಾಣ ಹಿಂಡುತ್ತದೆ.

ಲಾರಿಗಳಿಲ್ಲದ ಹೊತ್ತಿನಲ್ಲಿ ನಾನೇ ಕಾಟಾದ ಮೇಲೆ ನಿಂತೆ. ಒಳಗಿಂದ ನಮ್ಮ ಆಪರೇಟರ್ ಹಾಲೇಶ್ ಕೂಗಿ ಹೇಳಿದ: ನೂರ ಇಪ್ಪತ್ತು. ಹೋದ ತಿಂಗಳೂ ಅಷ್ಟೇ ಇತ್ತು. ನಮ್ಮ ಕಾಟಾ ಇಪ್ಪತ್ತು ಕೇಜಿಗಿಂತ ಸಣ್ಣ ಲೆಕ್ಕ ಹಿಡಿಯುವುದಿಲ್ಲ, ಲಾರಿಗಳಿಗೆ ಅದು ಬೇಕಾಗಿಯೂ ಇಲ್ಲ. ಮನೆಯ ಚಿಲ್ಲರೆ ತಕ್ಕಡಿಗಳ ಗೊಡವೆ ನನಗೆ ಬೇಡ.

೨೦ ಡಿಸೆಂಬರ್, ವೈಕುಂಠ ಏಕಾದಶಿ

ಉಪವಾಸ. ಬರೀ ಫಲಾಹಾರ: ಹಾಲಿನಲ್ಲಿ ನೆನೆಸಿದ ಅವಲಕ್ಕಿ, ಸಾಬುದಾಣಿ ಪಾಯಸ, ಸುಗಂಧಿ ಬಾಳೆಹಣ್ಣು, ಬಾದಾಮಿ ಹಾಲು, ಸಂಜೆಗೆ ಸಣ್ಣಗೆ ಗೋಧಿ ರವೆಯ ಸಜ್ಜಿಗೆ. ಅನ್ನ ಮುಟ್ಟಿದರೆ ಊಟ, ಮುಟ್ಟದಿದ್ದರೆ ಫಲಾಹಾರ. ನಮ್ಮ ಹಿರಿಯರು ಇಷ್ಟು ಸ್ಪಷ್ಟವಾಗಿ ಹೇಳಿಟ್ಟು ಹೋಗಿದ್ದಾರೆ.

ರಾಧಾಬಾಯಿ ಪಾಯಸ ಮುಟ್ಟಲಿಲ್ಲ. ನನ್ನ ಮೊದಲ ಆಪರೇಷನ್ ಆದಾಗಿನಿಂದ ಅವಳು ಸಿಹಿ ಬಿಟ್ಟಿದ್ದಾಳೆ. ನನ್ನ ಆರೋಗ್ಯಕ್ಕೆಂದು ಗುರುರಾಯರಿಗೆ ಹರಕೆಯಂತೆ. ಅನ್ನ ವ್ಯರ್ಥ ಮಾಡಬಾರದು, ಪಾಯಸವನ್ನಂತೂ ಮಾಡಲೇಬಾರದು. ಹಾಗಾಗಿ ಅವಳ ಪಾಲೂ ನನ್ನ ಪಾಲಿಗೇ ಬರುತ್ತಿದೆ.

೨೮ ಡಿಸೆಂಬರ್, ಬೆಂಗಳೂರು

ಆಸ್ಪತ್ರೆಯಲ್ಲಿ ಮೊದಲು ಪಥ್ಯ ಹೇಳುವ ಹುಡುಗಿಯ ಮುಂದೆ ಕೂರಿಸಿದರು. ದಿನಕ್ಕೆ ಎಷ್ಟು ಸಲ ಊಟ ಎಂದು ಕೇಳಿದಳು. ಒಪ್ಪತ್ತು ಎಂದೆ. ಎಷ್ಟು? ಒಂದು ಹಿಡಿ ಅನ್ನ. ರಾತ್ರಿ? ಅನ್ನ ಮುಟ್ಟುವುದಿಲ್ಲ. ಹೋಟೆಲು, ಬೇಕರಿ, ಕರಿದ ತಿಂಡಿ? ಶಿವಶಿವಾ. ನಂಬಿಕೆ ಬಾರದೆ ಆಕೆ ರಾಧಾಳ ಮುಖ ನೋಡಿದಳು. ಹುಟ್ಟಿದಾಗಿನಿಂದ ಸುಳ್ಳಾಡದ ಹೆಂಗಸು ರಾಧಾಬಾಯಿ. "ಹೌದವ್ವಾ, ಅವ್ರದು ಒಪ್ಪತ್ತು" ಎಂದಳು. ಹುಡುಗಿಯ ಕಣ್ಣಲ್ಲಿ ನನ್ನ ಬಗ್ಗೆ ಕನಿಕರ ಮೂಡಿದ್ದನ್ನು ಕಂಡೆ. ಎಷ್ಟೋ ದಿನಗಳ ಮೇಲೆ ಯಾರೋ ನನ್ನನ್ನು ಅರ್ಥ ಮಾಡಿಕೊಂಡರು.

ಡಾಕ್ಟರು ಬಣ್ಣದ ಚಿತ್ರ ತೋರಿಸಿದರು. ಇಷ್ಟು ಕಡಿಮೆ ತಿಂದೂ ತೂಕ ಏರುತ್ತಿದೆಯೆಂದರೆ ನಿಮಗೆ ಬ್ಯಾಂಡ್ ಒಗ್ಗಲಿಲ್ಲ ಎಂದೇ ಅರ್ಥ, ಬೈಪಾಸ್ ಮಾಡೋಣ ಎಂದರು. ಎರಡನೆಯ ಸಲ ಕೈಹಾಕುವುದು ಮೊದಲಿನಷ್ಟು ಸುಲಭವಲ್ಲ, ಅಪಾಯ ಹೆಚ್ಚು ಎಂದೂ ಹೇಳಿದರು, ಅದನ್ನು ಬೇಗ ಬೇಗ. ಜನವರಿ ಹದಿನೆಂಟು ಖಾಲಿಯಿದೆಯಂತೆ. ಪಂಚಾಂಗ ನೋಡಿದರೆ ಅವತ್ತು ಏಕಾದಶಿ. ಇದಕ್ಕಿಂತ ಒಳ್ಳೆಯ ದಿನ ಯಾವುದಿದ್ದೀತು? ಹ್ಞೂಂ ಎಂದುಬಿಟ್ಟೆ.

ರೈಲಿನಲ್ಲಿ ರಾಧಾ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಕತ್ತಲಲ್ಲಿ ನೋಡಲು ಏನಿತ್ತೋ.

೨ ಜನವರಿ ೨೦೦೮

ಹೊಸಪೇಟೆಗೆ ಬೈಪಾಸ್ ರಸ್ತೆ ಆಗುವ ಮೊದಲು ನನಗೆ ಆಗುತ್ತದೆ ಎಂದು ಇವತ್ತು ಐದು ಜನರಿಗೆ ಹೇಳಿ ನಗಿಸಿದೆ. ಆರನೆಯವಳು ಹೆಂಡತಿ. ನಗಲಿಲ್ಲ.

೬ ಜನವರಿ

ಊರಿಗೆಲ್ಲ ನನ್ನ ಆಪರೇಷನ್ನಿನ ಸುದ್ದಿ ಹರಡಿದೆ, ಹರಡಿದವನು ನಾನೇ. ಸಂಡೂರು ರಸ್ತೆಯಲ್ಲಿ ಉಜ್ಜಿನಪ್ಪನ ಲಾರಿಯ ಆಕ್ಸಲ್ ಮುರಿದು ಅದಿರೆಲ್ಲ ಮಗುಚಿಬಿತ್ತು. ಡ್ರೈವರ್ ಮೊದಲೇ ಹಾರಿ ಬದುಕಿಕೊಂಡ. ಧೂಳಿನ ಭಾರಕ್ಕೆ ಆಕ್ಸಲ್ ಮುರಿಯುವುದನ್ನು ಇದೇ ಮೊದಲು ಕಂಡೆ ಎಂದು ಅವನನ್ನು ಛೇಡಿಸಿದೆ. ಅವನಿಗೆ ಹೊಸ ಆಕ್ಸಲ್ ಹಾಕಿಸುವುದೇ ಚಿಂತೆ, ಹೊರೆ ಇಳಿಸುವ ಯೋಚನೆಯೇ ಇಲ್ಲ. ಇಂಥವರಿಗೆ ಬುದ್ಧಿ ಹೇಳುವವರು ಯಾರು?

ಬಾಯಾರಿತ್ತು. ಬಾದಾಮಿ ಹಾಲು.

೧೫ ಜನವರಿ, ಸಂಕ್ರಾಂತಿ

ಇವತ್ತಿನದನ್ನು ತಮಾಷೆಯಾಗಿ ಬರೆಯಲು ಎರಡು ಸಲ ಪ್ರಯತ್ನಿಸಿ ಹೊಡೆದುಹಾಕಿದೆ.

ಎಳ್ಳು ಹಂಚಿ ಬಂದ ರಾಧಾ ಆಸ್ಪತ್ರೆಗೆ ಚೀಲ ತುಂಬುತ್ತಿದ್ದಳು. ಶಾಲು, ಜಪಮಾಲೆ, ತಾಮ್ರದ ತಂಬಿಗೆ. ಹೋದ ಸಲದ ಶಾಲೇ. ಹೋದ ಸಲ ಆಪರೇಷನ್ ಆದ ಮೇಲೆ ಕೀವಾಗಿ ಜ್ವರವೇರಿ ನನ್ನನ್ನು ಮತ್ತೆ ಒಳಗೆ ಒಯ್ದಿದ್ದರು. ನನಗೆ ಆ ದಿನಗಳು ನೆನಪಿಲ್ಲ. ಎದ್ದಾಗ ಹಸಿವಾಗಿತ್ತು, ಅಷ್ಟೇ. ಇಷ್ಟಕ್ಕೆ ಯಾಕೆ ಮೋರೆ ಸಣ್ಣ ಮಾಡಿಕೊಂಡಿದ್ದೀ, ಒಂದು ನಿದ್ದೆ ಮಾಡಿ ಎದ್ದು ಬರುವುದು ತಾನೆ ಎಂದೆ.

ಅವಳು ಶಾಲು ಮಡಚುತ್ತಲೇ ಹೇಳಿದಳು: "ಒಳಗ ಹೋದವ್ರಿಗೆ ಏನೂ ಗೊತ್ತಾಗಂಗಿಲ್ರೀ. ಹೊರಗ ಬೆಂಚಿನ ಮ್ಯಾಲ ಕುಂತವ್ರಿಗೆ ಗೊತ್ತಾಗ್ತದ. ಪ್ರತೀ ಸಲ ಆ ಬಾಗಲಾ ತಗದಾಗ, ನನ್ನ ಹೆಸರು ಕರೀತಾರೇನೋ ಅಂತ."

ಕೈಯಲ್ಲಿ ಸಕ್ಕರೆಯ ಅಚ್ಚಿತ್ತು, ಬಾಯಿಗೆ ಹಾಕಿಕೊಂಡೆ.

೧೮ ಜನವರಿ, ಏಕಾದಶಿ, ಆಸ್ಪತ್ರೆಯ ಕೋಣೆ

ಹಣೆಬರಹ ಎಂದರೆ ಏನೆಂದು ಇವತ್ತು ತಿಳಿಯಿತು. ಕ್ರಮವಾಗಿ ಬರೆಯುತ್ತೇನೆ.

ನಿನ್ನೆ ಸಂಜೆ ದಾಖಲಾದೆವು. ಕೇರಳದ ನರ್ಸಮ್ಮ ತನಗೆ ಬರುವಷ್ಟು ಕನ್ನಡದಲ್ಲಿ, "ನಾಳೆ ಬೆಳಿಗ್ಗೆ ಫುಲ್ ಫಾಸ್ಟಿಂಗ್ ಸಾರ್, ಉಪವಾಸ" ಎಂದಳು. ಆಕೆಗೆ ನಗುತ್ತ ಹೇಳಿದೆ, ಅಮ್ಮಾ, ಉಪವಾಸವನ್ನು ನಮಗೆ ಹೇಳಿಕೊಡಬೇಡ. ನಮ್ಮ ವಂಶ ತಿಂಗಳಿಗೆರಡು ಸಲದಂತೆ ಏಳು ತಲೆಮಾರಿನಿಂದ ಅದನ್ನೇ ಮಾಡಿಕೊಂಡು ಬಂದಿದೆ. ಆಕೆ ಸಮಾಧಾನದಿಂದ ಹೋದಳು.

ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ. ರಾಧಾ ಡಬ್ಬಿ ತೆರೆದಳು. ಹಾಲು, ಅವಲಕ್ಕಿ, ಸೀಕರಣೆ. ಶಸ್ತ್ರಕ್ಕೆ ಗುರಿಯಾಗುವ ದೇಹ, ತ್ರಾಣವಿರಲಿ ಎಂದು ಎಂದಿಗಿಂತ ಎರಡು ಸೌಟು ಹೆಚ್ಚೇ ಹಾಕಿದಳು. ಅನ್ನದ ಅಗುಳೂ ಸೋಕಿರಲಿಲ್ಲ, ಪ್ರಮಾಣ ಮಾಡಿ ಹೇಳಬಲ್ಲೆ.

ಗಾಲಿಯ ಮಂಚದ ಮೇಲೆ ಮಲಗಿಸಿ ಒಯ್ಯುವಾಗ ರಾಧಾ ನನ್ನ ಹೆಬ್ಬೆರಳು ಹಿಡಿದು ಬಾಗಿಲವರೆಗೂ ಬಂದಳು. ಅಲ್ಲಿ ಮಂಪರು ಬರಿಸುವ ಡಾಕ್ಟರು, ತಲೆ ನರೆತ ಹೆಂಗಸು, ಕೇಳಿದರು: "ಬೆಳಿಗ್ಗೆಯಿಂದ ಉಪವಾಸ ತಾನೆ?"

"ಕಟ್ಟುನಿಟ್ಟು," ಎಂದೆ.

ರಾಧಾಬಾಯಿ ಸುಳ್ಳಾಡದ ಹೆಂಗಸು ಎಂದು ಮೊದಲೇ ಬರೆದಿದ್ದೇನೆ. "ಫಲಾಹಾರ ಅಷ್ಟೇ ಆಗೇದ್ರಿ," ಎಂದಳು.

ಡಾಕ್ಟರಮ್ಮ ನಿಂತರು. ಏನು ಫಲಾಹಾರ ಎಂದರು. ರಾಧಾ ಹೇಳಿದಳು. ಮಂಚದ ಗಾಲಿಗಳು ಅಲ್ಲೇ ತಿರುಗಿದವು. ಮಂಪರಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಮನುಷ್ಯ ಏಳುವುದಿಲ್ಲವಂತೆ. ಡಾಕ್ಟರಮ್ಮ ಅದನ್ನು ಗದರಿಸದೆ ಹೇಳಿದರು, ಗದರಿಸಿದ್ದರೆ ಚೆನ್ನಾಗಿತ್ತು.

ಆಮೇಲೆ ದೊಡ್ಡ ಡಾಕ್ಟರು ಬಂದು ನನ್ನನ್ನು ಬಿಟ್ಟು ರಾಧಾಳನ್ನೇ ಕೂರಿಸಿಕೊಂಡು ವಿಚಾರಿಸಿದರು. ಊಟವನ್ನು ಬಿಟ್ಟು ಮಿಕ್ಕದ್ದೆಲ್ಲ ಹೇಳಿ ಎಂದರು. ಅವಳು ಬೆಳಗಿನ ಹಾಲಿನಿಂದ ಹಿಡಿದು ಮಲಗುವ ಮುಂಚಿನ ಬಾದಾಮಿಯವರೆಗೆ ಹೇಳುತ್ತಲೇ ಹೋದಳು. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ಪಥ್ಯದ ಹುಡುಗಿಯೂ ಬಂದು ನಿಂತಿದ್ದಳು. ಅವಳ ಕಣ್ಣಿನ ಕನಿಕರ ಎಲ್ಲಿ ಹೋಯಿತೋ.

"ನೋಡಿ ಸರ್," ಎಂದರು ಡಾಕ್ಟರು, "ನಿಮ್ಮ ಬ್ಯಾಂಡ್ ಸರಿಯಾಗೇ ಇದೆ. ಅನ್ನ, ಚಪಾತಿ ತಡೆಯೋದು ಅದಕ್ಕೆ ಗೊತ್ತು. ಹಾಲು, ಪಾಯಸ ತಡೆಯೋದು ಗೊತ್ತಿಲ್ಲ. ಬೈಪಾಸ್ ಬೇಕಿದ್ದರೆ ಮಾರ್ಚ್ ಕೊನೆಗೆ ದಿನ ಕೊಡ್ತೀನಿ. ಆದರೆ ಈ ಅಪಾಯಕ್ಕೆ ಇಳಿಯೋ ಮುಂಚೆ ಮನೆಗೆ ಹೋಗಿ ಯೋಚನೆ ಮಾಡಿ."

೨೦ ಜನವರಿ

ಯೋಚನೆ ಮಾಡಿದೆ. ಮಾರ್ಚಿನಲ್ಲಿ ಮಾಡಿಸಿಕೊಳ್ಳುವುದೇ ಲೇಸು. ಊರಿಗೆಲ್ಲ ಹೇಳಿಯಾಗಿದೆ. ಅಲ್ಲದೆ ಹೊಟ್ಟೆಯನ್ನು ಕತ್ತರಿಸಬಹುದು, ಏಕಾದಶಿಯನ್ನು ಕತ್ತರಿಸಲಾದೀತೆ?

ಉಜ್ಜಿನಪ್ಪ ನೋಡಲು ಬಂದ. ನಡೆದದ್ದನ್ನು ಕೇಳಿ, "ನಂದು ಧೂಳು, ನಿಮ್ದು ಫಲಾಹಾರ," ಅಂದ. ಅವನ ಮಾತಿನ ತಲೆಬುಡ ತಿಳಿಯಲಿಲ್ಲ. ರಾಧಾ ಮಾತ್ರ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

೨೪ ಜನವರಿ

ಮನೆಯಲ್ಲಿ ಹೊಸ ಶಾಸನ ಜಾರಿಗೆ ಬಂದಿದೆ.

ಸಂಜೆ ಹಾಲು ಕೇಳಿದೆ. ರಾಧಾ ನೆಲ ಸಾರಿಸಿ, ಮಣೆಯಿಟ್ಟು, ಎಲೆ ಹಾಕಿ, "ಮಡಿ ಉಟ್ಟು ಬರ್ರಿ," ಎಂದಳು. ಹಾಲಿಗೆ ಎಲೆಯೇ? ಹೌದಂತೆ. ಇನ್ನು ಮುಂದೆ ಈ ಮನೆಯಲ್ಲಿ ಗಂಟಲಿನಿಂದ ಕೆಳಗೆ ಇಳಿಯುವುದೆಲ್ಲ ಊಟವೇ. ನೀರು ಮತ್ತು ತೀರ್ಥಕ್ಕೆ ಮಾತ್ರ ರಿಯಾಯಿತಿ. ಊಟವೆಂದ ಮೇಲೆ ಸ್ನಾನ, ಮಡಿ, ಮಣೆ, ಎಲೆ, ಆಪೋಶನ, ಕೊನೆಗೆ ಎಲೆಯೆತ್ತಿ ಗೋಮಯ ಹಚ್ಚುವುದು ಎಲ್ಲ ಆಗಬೇಕು. ನನ್ನ ಮೊಣಕಾಲಿಗೆ ಮಣೆಯೆಂದರೆ ಪಾತಾಳ. ಇಳಿಯುವುದು ಒಂದು ಪ್ರಯಾಸ, ಏಳುವುದು ಇನ್ನೊಂದು.

ಹೇಗೋ ಕೂತು ಕುಡಿದೆ. ಎದ್ದ ಮೇಲೆ ಒಂದು ಪೇಡೆ ಕೇಳಿದೆ.

"ಎಲಿ ಬಿಟ್ಟು ಎದ್ರಲ್ಲ," ಎಂದಳು. "ಹಗಲಿಗೊಂದು ಊಟ, ರಾತ್ರಿಗೊಂದು. ಮೂರನೇದು ಯಾವ ಶಾಸ್ತ್ರದಾಗದ ತೋರ್ಸ್ರಿ, ಬಡಸ್ತೀನಿ."

ಸಂಜೆಯ ಹಾಲು ರಾತ್ರಿಯ ಲೆಕ್ಕಕ್ಕೆ ಜಮೆಯಾಗಿತ್ತು. ನನ್ನದೇ ಶಾಸ್ತ್ರ ನನಗೇ ತಿರುಗಿ ನಿಂತದ್ದು ಇದೇ ಮೊದಲು.

೬ ಫೆಬ್ರವರಿ

ಕಾಟಾದಲ್ಲಾದರೂ ಸ್ವಾತಂತ್ರ್ಯವಿರಬಹುದೆಂದು ಹೋದರೆ ಹಾಲೇಶನ ಮೇಜಿನ ಪಕ್ಕದಲ್ಲಿ ಒಂದು ಮಣೆ, ಮುತ್ತುಗದ ಎಲೆಯ ಕಟ್ಟು! ಅಮ್ಮಾರು ಕಳಿಸ್ಯಾರ್ರಿ ಸಾರ್ ಎಂದ. ಉಜ್ಜಿನಪ್ಪ ಬೇಕೆಂದೇ ಕಬ್ಬಿನ ಹಾಲು ತರಿಸಿದ. ನಿಯಮ ನಿಯಮವೇ, ನಾನು ಮಾತಿಗೆ ತಪ್ಪುವವನಲ್ಲ. ಬೋರಿನ ತಣ್ಣೀರು ಸುರಿದುಕೊಂಡು ಒದ್ದೆ ಪಂಚೆಯಲ್ಲಿ ಮಣೆಯ ಮೇಲೆ ಕೂತೆ. ಲಾರಿ ಡ್ರೈವರುಗಳು ಸಾಲು ಬಿಟ್ಟು ಇಳಿದು ಬಂದು ಸುತ್ತ ನಿಂತರು. ಒಬ್ಬ ಕೈಮುಗಿದು, ಯಾವ ದೇವರ ಪೂಜೆ ಎಂದು ಹಾಲೇಶನನ್ನು ಕೇಳಿದ. ಅಷ್ಟರಲ್ಲಿ ಲೋಟದ ಮೇಲೆ ಧೂಳಿನ ಕೆಂಪು ಕೆನೆ ಕಟ್ಟಿತ್ತು. ಕುಡಿಯದೇ ಎದ್ದೆ.

ಇನ್ನು ಅಲ್ಲಿ ಏನೂ ಬೇಡ. ಇಷ್ಟು ರಂಪ ಮಾಡಿಕೊಂಡು ಕುಡಿಯುವುದು ಯಾರಿಗೆ ಬೇಕಾಗಿದೆ?

೨೦ ಫೆಬ್ರವರಿ

ಈಗಿನ ಚರ್ಮದ ಬೆಲ್ಟುಗಳು ಬರೀ ಮೋಸ. ನನ್ನದು ಆರು ತಿಂಗಳಿಗೇ ಹಿಗ್ಗಿಹೋಗಿದೆ. ಹಾಲೇಶನಿಗೆ ಹೇಳಿ ಮೊಳೆಯಿಂದ ಹೊಸ ತೂತು ಹಾಕಿಸಿದೆ.

೮ ಮಾರ್ಚ್

ಕಾಟಾದ ಮೇಲೆ ನಿಂತೆ. ನೂರ ಇಪ್ಪತ್ತು. ಅದೇ! ಈ ಮಣೆ, ಎಲೆ, ಗೋಮಯ ಎಲ್ಲ ವ್ಯರ್ಥ. ರಾಧಾಳಿಗೆ ಹೇಳಿದರೆ, "ಹೌದಾ?" ಎಂದು ನನ್ನ ಅಂಗಿಯ ಭುಜ ಹಿಡಿದು ನೋಡಿ ದರ್ಜಿಗೆ ಕೊಡಲು ತೆಗೆದಿಟ್ಟಳು. ಅಂಗಿಗೂ ತೂಕಕ್ಕೂ ಏನು ಸಂಬಂಧ?

೧೨ ಮಾರ್ಚ್

ಮಧ್ಯಾಹ್ನ ಮಣೆಯ ಮೇಲಿದ್ದೆ. ಅನ್ನ, ಹುಳಿ, ಹಾಗಲಕಾಯಿ ಗೊಜ್ಜು; ಹಾಗಲಕಾಯಿ ಇಷ್ಟು ರುಚಿಯೆಂದು ಮೊದಲು ತಿಳಿದಿರಲಿಲ್ಲ. ಫೋನು ಬಂತು. ರಾಧಾ ಎತ್ತಿದಳು. ಆಸ್ಪತ್ರೆಯವರು. ಇಪ್ಪತ್ತೆಂಟನೇ ತಾರೀಕು ಗೊತ್ತುಮಾಡೋಣವೇ ಎಂದು ಕೇಳುತ್ತಿದ್ದಾರೆ.

ಫೋನಿನ ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡು ಅವಳು ನನ್ನ ಕಡೆ ನೋಡಿದಳು.

ಎಲೆಯ ಮುಂದೆ ಕೂತವನು ನಡುವೆ ಎದ್ದು ಫೋನಿಗೆ ಹೋಗುವಂತಿಲ್ಲ. ಅಷ್ಟೇ ಕಾರಣ, ಬೇರೇನಿಲ್ಲ. "ಬ್ಯಾಡಂತ ಹೇಳು," ಎಂದೆ. "ನಾ ಊಟಕ್ಕ ಕೂತೀನಿ."

ಅವಳು ಅದನ್ನೇ ಹೇಳಿದಳು. ಫೋನಿಟ್ಟ ಮೇಲೆ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಮಜ್ಜಿಗೆಗೆ ಕಾದು ಕಾದು ಕೈ ಒಣಗಿತು.

೨೫ ಮಾರ್ಚ್, ಮಂಗಳವಾರ

ನವವೃಂದಾವನದಲ್ಲಿ ಆರಾಧನೆ. ದರ್ಶನ ಚೆನ್ನಾಯಿತು. ಉಳಿದದ್ದೆಲ್ಲ ತಾಪತ್ರಯ.

ಮೊದಲನೆಯದು ಹರಿಗೋಲು. ಮೂಕಣ್ಣನಿಗೆ ದೊಡ್ಡವರೆಂಬ ಮರ್ಯಾದೆಯೇ ಉಳಿದಿಲ್ಲ. ನಾವು ಹತ್ತಿದ ಮೇಲೆ ಮತ್ತೆ ಆರು ಜನರನ್ನು ತುಂಬಿದ. ಎಡಕ್ಕೊಬ್ಬ ಮಲಪನಗುಡಿಯ ಮುದುಕ, ಬಲಕ್ಕೆ ಕೂಸಿನ ತಾಯಿ, ಕೂಸಿನ ಕಾಲು ನನ್ನ ತೊಡೆಯ ಮೇಲೆ. "ಸ್ವಲ್ಪ ಸರೀರಿ ರಾಯ್ರ, ಜಾಗಾ ಭಾಳ ಐತಿ" ಎಂದು ನನ್ನನ್ನೇ ಅಂಚಿಗೆ ತಳ್ಳಿದ. ನಡುವೆ ಕೂರಿ ಎಂದು ಒಂದು ಮಾತಿಗೂ ಹೇಳಲಿಲ್ಲ. ಊರಲ್ಲಿ ನನ್ನ ಸ್ಥಾನಮಾನ ಇಳಿದಿರುವುದು ಸ್ಪಷ್ಟ.

ಎರಡನೆಯದು ಪ್ರಸಾದ. ಕಡಲೆಬೇಳೆ, ಬೆಲ್ಲದ ಹಯಗ್ರೀವ ಕೊಟ್ಟರು, ಎರಡು ದೊನ್ನೆ. ಅವಳ ಪಾಲೂ ನನ್ನದೇ ಎಂಬ ಲೆಕ್ಕದಲ್ಲಿ ಕೈ ಚಾಚಿದೆ. ರಾಧಾ ಕೊಡಲಿಲ್ಲ. ಹೊಳೆಯ ಕಡೆ ಮುಖ ಮಾಡಿ ಬಂಡೆಯ ಮೇಲೆ ಕೂತು, ಒಂದೊಂದೇ ಚಿಟಿಕೆ ಬಾಯಿಗಿಟ್ಟು, ದೊನ್ನೆಯನ್ನು ಬೆರಳಿಂದ ಬಳಿದು ತಿಂದಳು. ಹರಕೆ ಏನಾಯಿತು ಎಂದು ಕೇಳಿದೆ. "ಮುಗೀತು," ಎಂದಳಷ್ಟೇ.

ಯಾವಾಗ ಮುಗಿಯಿತು, ಯಾಕೆ ಮುಗಿಯಿತು, ಒಂದೂ ಹೇಳಲಿಲ್ಲ. ನನಗೆ ಒಂದೇ ದೊನ್ನೆ ದಕ್ಕಿತು. ಅದನ್ನೂ ಪೂರ್ತಿ ತಿನ್ನಲಾಗದೆ ಆ ಕೂಸಿನ ಬಾಯಿಗಿಟ್ಟೆ.